ಹಗುರ ಬೂಟು, ಗಟ್ಟಿ ಅಟ್ಟೆ

ಪುಣೆ, 22 ಜೂನ್ 2024, ಶನಿವಾರ

ಬರುವ 30ಕ್ಕೆ, ಭಾನುವಾರ, ಪಂಢರಪುರಕ್ಕೆ ಹೊರಟ ವಾರಕರಿಗಳ ಪಾಲ್ಖಿಗಳು (ಪಲ್ಲಕ್ಕಿಗಳು) ಪುಣೆಗೆ ಬರುತ್ತವೆ. ಊರಿನ ಎಷ್ಟೋ ರಸ್ತೆ ಬಂದ್. ಅಂಗಡಿ ಸುತ್ತುವುದಿದ್ದರೆ ಅಷ್ಟರೊಳಗೆ ಸುತ್ತಬೇಕು. ಹಾಗಾಗಿ ಇವತ್ತು ಸೈಕಲ್ ಬೂಟು ನೋಡಲು ಹೊರಟೆ. ಸಂಜೆ ಹೋಗಿದ್ದು ಬೇಕಂತಲೇ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಖಡಕ್‌ವಾಸ್ಲಾ ಅಣೆಕಟ್ಟು ಮುಟ್ಟುವಷ್ಟರಲ್ಲಿ ಬೆರಳು ಹಿಂಡಲು ಶುರು ಮಾಡುತ್ತದೆ.

ಜೊತೆಗೆ ನಮ್ಮ ಬಿಲ್ಡಿಂಗಿನ ಹುಬ್ಬಳ್ಳಿ ಕಾಕಾ ಬಂದರು. "ಅಲ್ಲೋ ತಮ್ಮಾ, ಸೈಕಲ್ ತುಳಿಯಾಕ ಬ್ಯಾರೆ ಬೂಟು ಬೇಕೇನೋ?" ಅಂದರು.

ಕಾಕಾ ಕೇಳಿದ್ದು ಸುಳ್ಳೇನಲ್ಲ. ನನ್ನದು ಫ್ಲ್ಯಾಟ್ ಪೆಡಲ್. ಸುಮಾರು 10 ಸೆಂ.ಮೀ. ಅಗಲದ ನೈಲಾನ್ ಹಲಗೆ, ಅದರ ಮೇಲೆ ಸಣ್ಣ ಉಕ್ಕಿನ ಪಿನ್ನುಗಳು. ಅದಕ್ಕೆ ಯಾವ ಬೂಟಾದರೂ ನಡೆಯುತ್ತದೆ. ಆಫೀಸಿನ ಹುಡುಗರು ಅಟ್ಟೆಗೆ ಕ್ಲೀಟ್ ಅನ್ನುವ ಕೊಕ್ಕೆ ಹಾಕಿ ಬೂಟನ್ನು ಪೆಡಲಿಗೇ ಸಿಕ್ಕಿಸಿಕೊಳ್ಳುತ್ತಾರೆ. ವೇಗಕ್ಕೆ ಅದೇ ಒಳ್ಳೆಯದು. ಆದರೆ ಕೋಥ್ರೂಡ್ ದಾಟುವಷ್ಟರಲ್ಲಿ ಎಷ್ಟು ಸಲ ಕಾಲು ಕೆಳಗಿಡಬೇಕು! ರಾಂಗ್ ಸೈಡಿನಲ್ಲಿ ಬರುವ ಸ್ಕೂಟರುಗಳು ಬೇರೆ. ನನ್ನ ಕಾಲು ನನ್ನ ಕೈಯಲ್ಲೇ ಇರಲಿ ಅಂತ ಫ್ಲ್ಯಾಟ್ ಬಿಟ್ಟಿಲ್ಲ.

ಇಲ್ಲಿತನಕ ಓಡುವ ಬೂಟಿನಲ್ಲೇ ತುಳಿಯುತ್ತಿದ್ದೆ. ಒಂದೊಂದು 250 ಗ್ರಾಂ, ಹಾಕಿದ್ದೇ ಗೊತ್ತಾಗುವುದಿಲ್ಲ. ಆದರೆ ಆ ಹಗುರ ಬಂದಿರುವುದು ಅಟ್ಟೆಯ ಫೋಮಿನಿಂದ. ಓಡುವಾಗ ಹಿಮ್ಮಡಿಗೆ ಬೀಳುವ ಪೆಟ್ಟನ್ನು ನುಂಗಲಿ ಅಂತ ಅದನ್ನು ಮೆತ್ತಗೆ ಮಾಡಿರುತ್ತಾರೆ. ಸೈಕಲ್ ಮೇಲೆ ನುಂಗಲು ಪೆಟ್ಟೇ ಇಲ್ಲ, ನನ್ನ ತುಳಿತವನ್ನೇ ನುಂಗುತ್ತದೆ. ಅಟ್ಟೆ ಪೆಡಲಿನ ಅಂಚಿನಲ್ಲಿ ಬಾಗುತ್ತದೆ. ಒಂದು ಗಂಟೆ ಕಳೆದರೆ ಅಂಗಾಲು ಉರಿ. ಪಿನ್ನುಗಳು ಫೋಮನ್ನು ಕಿತ್ತು ಚೂರು ಮಾಡುತ್ತವೆ. ಟ್ರೆಕ್ಕಿಂಗ್ ಬೂಟೂ ಆಗಿಬರುವುದಿಲ್ಲ. ಅದರ ಉಬ್ಬುಗಳ ಸಂದಿಗೆ ಪಿನ್ನು ಸಿಕ್ಕಿಕೊಂಡರೆ ಕಾಲು ಎಲ್ಲಿ ಕೂತಿತೋ ಅಲ್ಲೇ, ಬೇಕಾದಲ್ಲಿ ಅಲ್ಲ.

ಇಲ್ಲಿ ಕಾಕಾರ ಹಳೇ ಕ್ಯಾನ್ವಾಸ್ ಬೂಟೇ ವಾಸಿ. ಅಟ್ಟೆ ಚಪ್ಪಟೆ, ರಬ್ಬರು ತೆಳು. ಗಟ್ಟಿತನ ಮಾತ್ರ ಇಲ್ಲ. ಅಣೆಕಟ್ಟಿನ ಹತ್ತಿರ ಕಾಂದಾ ಭಜಿ ತಿಂದು ವಾಪಸ್ ಬರುವ ಕಾಕಾರಿಗೆ ಅಷ್ಟು ಸಾಕು.

ಪೆಡಲಿಗೆ ಅಂಟಿ ಕೂರುವ ಬೂಟಿನಲ್ಲಿ ದೊಡ್ಡ ಹೆಸರು ಫೈವ್ ಟೆನ್. 1985ರಲ್ಲಿ ಅಮೆರಿಕದಲ್ಲಿ ಬಂಡೆ ಹತ್ತುವವರಿಗೆ ಬೂಟು ಮಾಡಲು ಶುರುವಾದ ಕಂಪನಿ. ಬಂಡೆಗೆ ಕಚ್ಚಿಕೊಳ್ಳುವ ಅವರ ಸ್ಟೆಲ್ತ್ ರಬ್ಬರನ್ನು ಆಮೇಲೆ ಗುಡ್ಡದ ಸೈಕಲ್ಲಿನವರು ಮೆಚ್ಚಿಕೊಂಡರು. 2011ರಲ್ಲಿ ಅಡಿಡಾಸ್ ಕಂಪನಿಯನ್ನೇ ಕೊಂಡುಕೊಂಡಿತು. ಕಲ್ಲು-ಬೇರಿನ ದಾರಿಯಲ್ಲಿ ಇಳಿಯುವವರಿಗೆ ಅಂಥ ಹಿಡಿತ ಬೇಕು. ಆದರೆ ಮೆತ್ತನೆ ರಬ್ಬರು ಬೇಗ ಸವೆಯುತ್ತದೆ. ಕಾಲನ್ನು ಒಂಚೂರು ಸರಿಸಬೇಕಿದ್ದರೂ ಪೂರ್ತಿ ಎತ್ತಿಯೇ ಇಡಬೇಕು. ಡಾಂಬರು ರಸ್ತೆಯವನಾದ ನನಗೆ ಅದು ಜಾಸ್ತಿಯೇ.

ಇನ್ನು ತೂಕ. ಬೂಟು ತಿರುಗುವ ವಸ್ತು, ಅಲ್ಲಿ ಗ್ರಾಂ ಉಳಿಸಿದರೆ ಬಹಳ ಲಾಭ ಅಂತ ನಮ್ಮ ಸೈಕಲ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಕಾಲು ಏರುವಾಗ ಇನ್ನೊಂದು ಇಳಿಯುತ್ತದೆ. ರಾಟೆಯ ಹಗ್ಗಕ್ಕೆ ಎರಡೂ ತುದಿಯಲ್ಲಿ ಕೊಡ ಕಟ್ಟಿದ ಹಾಗೆ, ಇಳಿಯುವ ಬೂಟೇ ಏರುವ ಬೂಟನ್ನು ಎತ್ತಿಕೊಡುತ್ತದೆ. ಉಳಿಯುವುದು ಏರಿನ ಲೆಕ್ಕ ಮಾತ್ರ. ನಾನು, ಸೈಕಲ್ಲು, ನೀರು ಎಲ್ಲ ಸೇರಿ 85 ಕಿಲೋ ಅಂದುಕೊಳ್ಳಿ. ಜೋಡಿ ಬೂಟಿನಲ್ಲಿ 300 ಗ್ರಾಂ ಹೆಚ್ಚಾದರೆ ಸಿಂಹಗಡ ಕೋಟೆಯ ಒಂದು ಗಂಟೆಯ ಏರಿನಲ್ಲಿ 12-13 ಸೆಕೆಂಡು ತಡವಾಗಬಹುದು. ಮಧ್ಯೆ ಒಂದು ಲಿಂಬು ಸರ್ಬತ್ತಿಗೆ ನಿಂತರೆ ಎಷ್ಟು ಹೋಗುತ್ತದೆ, ಲೆಕ್ಕ ಹಾಕಿ!

ಹಾಗಾದರೆ ಹಗುರ ಯಾಕೆ ಬೇಕು? ನಡೆಯುವುದಕ್ಕೆ. ಮೇಲೆ ಹೋದ ಮೇಲೆ ಕೋಟೆಯಲ್ಲಿ ಸುತ್ತಬೇಕು, ಪಿಠ್ಲಾ-ಭಾಕರಿ ಅಂಗಡಿ ಹುಡುಕಬೇಕು. ಇನ್ನೊಂದು ಕಾರಣ ಮಳೆ. ಫ್ಲ್ಯಾಟ್ ಪೆಡಲಿನ ಎಷ್ಟೋ ಬೂಟುಗಳು ಸ್ಕೇಟ್ ಬೂಟಿನ ಥರ ಇರುತ್ತವೆ. ದಪ್ಪ ನಾಲಗೆ, ಹಿಮ್ಮಡಿ ಸುತ್ತ ಸ್ಪಂಜು, ಮೇಲೆ ಸ್ವೇಡ್ ಚರ್ಮ. ತೂಕ ಕೂತಿರುವುದೂ ಅಲ್ಲೇ, ನೀರು ಕುಡಿಯುವುದೂ ಅದೇ. ಜುಲೈಯಲ್ಲಿ ಒಮ್ಮೆ ನೆಂದರೆ ಹಳೇ ಸಕಾಳ್ ಪೇಪರ್ ತುರುಕಿ ಫ್ಯಾನಿನ ಕೆಳಗಿಟ್ಟರೂ ಎರಡು ದಿನ ಒಣಗುವುದಿಲ್ಲ. ವಾಸನೆಯ ಮಾತು ಬೇಡ. ಅದಕ್ಕೇ ತೂಕ ಇಳಿಸುವುದಾದರೆ ಮೇಲಿನಿಂದ ಇಳಿಸಬೇಕು, ಅಟ್ಟೆಯಿಂದ ಅಲ್ಲ.

ಅಂಗಡಿಯಲ್ಲಿ ಎರಡು ಜೋಡಿ ತೆಗೆಸಿದೆ. ಚೀಲದಿಂದ ಅಡುಗೆಮನೆಯ ತಕ್ಕಡಿ ತೆಗೆದಾಗ ಹುಡುಗ "ಹೇ ಕಾಯ್ ಸರ್?" ಅಂತ ನಕ್ಕ. ಒಂದು 420 ಗ್ರಾಂ, ಇನ್ನೊಂದು 340. ಹಗುರದ್ದನ್ನು ಎರಡೂ ತುದಿ ಹಿಡಿದು ಬಾಗಿಸಿದೆ. ಬೆರಳಿನ ಹತ್ತಿರ ಬಾಗಿತು, ನಡುವೆ ಬಾಗಲಿಲ್ಲ. ಹಾಗೇ ಇರಬೇಕು. ಹೆಬ್ಬೆರಳಿನಿಂದ ಅಟ್ಟೆ ಒತ್ತಿದರೆ ಉಗುರಿನ ಗುರುತು ಒಂದು ಕ್ಷಣ ಉಳಿಯಿತು, ಪಿನ್ನು ಕಚ್ಚುವುದಕ್ಕೆ ಅಷ್ಟು ಮೆತ್ತಗಾದರೆ ಸಾಕು. ಆಮೇಲೆ ಅಂಗಡಿಯ ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಿನಲ್ಲಿ ನಿಂತೆ. ಹಿಮ್ಮಡಿ ಜೋತು ಬೀಳಲಿಲ್ಲ. ಪೆಡಲು ಇಷ್ಟು ಅಗಲ ಇರುವಾಗ ಬೂಟು ಹಲಗೆಯಷ್ಟು ಗಟ್ಟಿಯಾಗಬೇಕಿಲ್ಲ, ಅರ್ಧ ಕೆಲಸ ಪೆಡಲೇ ಮಾಡುತ್ತದೆ. ಮೇಲ್ಭಾಗ ಬರೀ ಜಾಲರಿ. ನೀರು ಸೀದಾ ಒಳಗೆ ಬರುತ್ತದೆ, ಸೀದಾ ಹೊರಗೂ ಹೋಗುತ್ತದೆ. ಬೆರಳಿನ ಮುಂದೆ ಗಟ್ಟಿ ಕವಚ ಇದೆ. ಲೇಸು ಚೈನಿಗೆ ಸಿಗದ ಹಾಗೆ ಸಿಕ್ಕಿಸಲು ಎಲಾಸ್ಟಿಕ್ ಕುಣಿಕೆ ಇದೆ. ಬಣ್ಣ ಮಾತ್ರ ಕೆಟ್ಟ ಹಳದಿ. ಅದನ್ನೇ ಕೊಂಡೆ.

ಬೆಲೆ ಕೇಳಿ ಕಾಕಾ ಮುಖ ಕಿವುಚಿದರು. ಆದರೆ ವಾಪಸ್ ಬಂದ ಮೇಲೆ ಪಾರ್ಕಿಂಗಿನಲ್ಲಿ ನನ್ನ ಪೆಡಲಿನ ಪಿನ್ನುಗಳನ್ನು ಮುಟ್ಟಿ ಮುಟ್ಟಿ ನೋಡಿದರು. "ಬೂಟು ಬ್ಯಾಡ. ಇಂಥಾ ಪೆಡಲ್ ನನ್ನ ಸೈಕಲ್ಲಿಗೂ ಹಾಕಾಕ ಬರ್ತೈತೇನು?" ಅಳತೆ ನೋಡಿ ಹೇಳುತ್ತೇನೆ, ಸದ್ಯಕ್ಕೆ ನೀವೇ ಬಿಚ್ಚಲು ಹೋಗಬೇಡಿ, ಎಡಗಡೆಯದು ಉಲ್ಟಾ ತಿರುಗುತ್ತದೆ ಅಂದೆ.