ಕುರಿ ತೋಯ್ದ ಕಥೆ

ತೀರ್ಥಹಳ್ಳಿಯ ಮಳೆ, ಮೇಲೆ ತಗಡಿನ ಸೂರು. ಪಿಯುಸಿ ಮಕ್ಕಳಿಗೆ ಹಳಗನ್ನಡ ಓದಿಸುವುದೆಂದರೆ ಗಂಟಲು ಹರಿದುಕೊಳ್ಳುವುದೇ. ಮೊನ್ನೆ 9ನೇ ಶತಮಾನದ ಕವಿರಾಜಮಾರ್ಗದಿಂದ ಒಂದೇ ಒಂದು ಮಾತು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತೆ: 'ಕುರಿತೋದದೆಯುಂ'.

"ಕುರಿ ತೋಯ್ದಿದೆ ಅಂತ ಅಲ್ವಾ ಸರ್?" ಎಂದ ಹಿಂದಿನ ಬೆಂಚಿನವನು. ಹೊರಗಿನ ಮಳೆ ನೋಡಿದರೆ ಅವನದ್ದೂ ತಪ್ಪಲ್ಲ ಬಿಡಿ.

"ಎಲ್ಲಿ ಬಿಡಿಸಿದೆ, ತೋರಿಸು" ಎಂದೆ. ಎದ್ದು ಬಂದು 'ಕುರಿ' ಆದ ಮೇಲೆ ಗೆರೆ ಎಳೆದ. ಒಬ್ಬ ಹುಡುಗಿ ಅದನ್ನು ಅಳಿಸಿ 'ಕುರಿತು, ಓದದೆಯುಂ' ಎಂದು ಬರೆದಳು. ಅಂದರೆ, ಮನಸ್ಸಿಟ್ಟು ಓದದೆಯೂ.

ಆಮೇಲೆ ಅರ್ಧ ಗಂಟೆ ಕೊನೆಯ 'ಉಂ' ಮೇಲೇ ಜಗಳ. ಕನ್ನಡನಾಡಿನವರು ಓದದೆಯೂ ಕಾವ್ಯದಲ್ಲಿ ಪಳಗಿದ ಜನ ಎಂದು ಆ ಪದ್ಯ ಹೇಳುವುದು ಹೊಗಳಿಕೆಯೋ, ಉತ್ಪ್ರೇಕ್ಷೆಯೋ?

ಸಿಲಬಸ್ಸು ಹಿಂದೆ ಬಿತ್ತು. ಪ್ರಿನ್ಸಿಪಾಲರಿಗೆ ಇನ್ನೂ ಹೇಳಿಲ್ಲ.