ರಾತ್ರಿ ಪಾಳಿಯ ಕ್ವೆರಿ ಯಾಕೆ ಖಾಲಿ ಬರುತ್ತದೆ

ಡೇಟಾಬೇಸಿನಿಂದ ರಾತ್ರಿ 22:00ರಿಂದ ಬೆಳಗ್ಗೆ 06:00ರವರೆಗಿನ ದಾಖಲೆ ಬೇಕೆಂದು ಎಸ್‌ಕ್ಯೂಎಲ್ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಬಿಟ್ವೀನ್ '22:00' ಆ್ಯಂಡ್ '06:00' ಎಂದು ಬರೆದರೆ ಒಂದು ಸಾಲೂ ಬರುವುದಿಲ್ಲ. ಎರರ್ ಕೂಡ ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. 22:00ಕ್ಕಿಂತ ಕಮ್ಮಿಯಿರಬಾರದು, 06:00ಕ್ಕಿಂತ ಹೆಚ್ಚಿರಬಾರದು ಎಂದು ಬಿಟ್ವೀನ್ ಒಟ್ಟಿಗೇ ಕೇಳುತ್ತದೆ. ಅಂಥ ಸಮಯವೇ ಇಲ್ಲ. ಟೈಮ್ ಕಾಲಮ್ಮಿಗೆ ದಿನಾಂಕ ಗೊತ್ತಿಲ್ಲ. ಅದರ ಲೆಕ್ಕದಲ್ಲಿ 02:00 ಯಾವಾಗಲೂ 22:00ಕ್ಕಿಂತ ಚಿಕ್ಕದು.

ಮಧ್ಯರಾತ್ರಿ ದಾಟುವ ಅವಧಿಗೆ ಆರ್ (ಅಥವಾ) ಬೇಕು:

(ಸಮಯ >= '22:00' ಆರ್ ಸಮಯ < '06:00')

ಆವರಣ ಬಿಡಬೇಡಿ. ಪಕ್ಕದಲ್ಲಿ ವಿಭಾಗದ ಷರತ್ತು ಇದ್ದರೆ ಆ್ಯಂಡ್ (ಮತ್ತು) ಮೊದಲು ಲೆಕ್ಕಕ್ಕೆ ಬಂದು, ಬೇರೆ ವಿಭಾಗದವರೂ ಪಟ್ಟಿಗೆ ನುಗ್ಗುತ್ತಾರೆ. ಆರಂಭ, ಅಂತ್ಯ ಎರಡೂ ಪಾಳಿ ಟೇಬಲ್ಲಿನಿಂದ ಬರುವುದಾದರೆ ಎರಡು ರೂಪವನ್ನೂ ಬರೆಯಬೇಕು: ಆರಂಭ ಚಿಕ್ಕದಿದ್ದರೆ ಆ್ಯಂಡ್, ದೊಡ್ಡದಿದ್ದರೆ ಆರ್. ಎರಡೂ ಸಮವಿದ್ದರೆ ಅದು 24 ಗಂಟೆಯೋ ಸೊನ್ನೆಯೋ ಎಂಬುದನ್ನು ಪಾಳಿ ಹಾಕುವವರನ್ನೇ ಕೇಳಿ, ಡೇಟಾಬೇಸ್ ಹೇಳುವುದಿಲ್ಲ.

ಸಾಲುಗಳು ಸರಿ ಬಂದ ಮೇಲೂ ದಿನವಾರು ಮೊತ್ತ ತಪ್ಪಬಹುದು. ಮಂಗಳವಾರ 02:00ರ ದಾಖಲೆ ಸೋಮವಾರದ ಪಾಳಿಗೆ ಸೇರಿದ್ದು. ಟೈಮ್‌ಸ್ಟ್ಯಾಂಪಿನಿಂದ (ದಿನಾಂಕ, ಸಮಯ ಎರಡೂ ಇರುವ ಮೌಲ್ಯದಿಂದ) 6 ಗಂಟೆ ಕಳೆದು, ಆ ದಿನಾಂಕದ ಮೇಲೆ ಗ್ರೂಪ್ ಬೈ ಮಾಡಿದರೆ (ಸಾಲುಗಳನ್ನು ಗುಂಪು ಮಾಡಿದರೆ) ಸರಿಹೋಗುತ್ತದೆ.

ಅವಧಿಯ ಕೊನೆಗೆ '17:59:59' ಹಾಕುವ ಅಭ್ಯಾಸ ಬಹಳ ಜನಕ್ಕಿದೆ. 17:59:59.4ಕ್ಕೆ ಬಿದ್ದ ಸಾಲು ಅದರಿಂದ ತಪ್ಪಿಹೋಗುತ್ತದೆ. < '18:00' ಸಾಕು. ಮೈಕ್ರೋಸಾಫ್ಟಿನ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರಿನ ಡೇಟ್‌ಟೈಮ್ ಟೈಪ್ ಇನ್ನೂ ವಿಚಿತ್ರ: 23:59:59.999 ಕೊಟ್ಟರೆ ಮರುದಿನದ 00:00 ಆಗಿಬಿಡುತ್ತದೆ.

ಸಮಯವನ್ನು ವಾರ್‌ಚಾರ್ (ಅಕ್ಷರಗಳ ಸಾಲು) ಆಗಿ ಇಟ್ಟ ಟೇಬಲ್‌ಗಳಲ್ಲಿ '9:30' ಎಂಬುದು '10:00'ಕ್ಕಿಂತ ದೊಡ್ಡದು, ಏಕೆಂದರೆ ಹೋಲಿಕೆ ನಡೆಯುವುದು ಅಕ್ಷರಕ್ಕೆ ಅಕ್ಷರ. ಮುಂದೆ ಸೊನ್ನೆ ಸೇರಿಸಿ '09:30' ಮಾಡಿ, ಆಗದಿದ್ದರೆ ಟೈಮ್ ಟೈಪಿಗೆ ಕಾಸ್ಟ್ ಮಾಡಿ (ಪರಿವರ್ತಿಸಿ). ಒರಾಕಲ್‌ನಲ್ಲಿ ಟೈಮ್ ಟೈಪೇ ಇಲ್ಲ. ಅಲ್ಲಿ ಸಮಯವನ್ನು ಅಕ್ಷರರೂಪಕ್ಕೆ ತರಲು ಟು_ಚಾರ್ ಬಳಸುವಾಗ ಎಚ್‌ಎಚ್24 ಬದಲು ಬರೀ ಎಚ್‌ಎಚ್ ಕೊಟ್ಟರೆ ಬೆಳಗಿನ 10, ರಾತ್ರಿಯ 10 ಒಂದೇ ಆಗುತ್ತವೆ.

ಇನ್ನು ವೇಗ. ಟೈಮ್‌ಸ್ಟ್ಯಾಂಪ್ ಕಾಲಮ್ಮನ್ನು ಟೈಮಿಗೆ ಕಾಸ್ಟ್ ಮಾಡಿ ಹೋಲಿಸಿದರೆ ಅದರ ಸಾಮಾನ್ಯ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕಟ್ಟಿದ ಸೂಚಿ) ಉಪಯೋಗಕ್ಕೆ ಬರುವುದಿಲ್ಲ. ಷರತ್ತು ಬರೆಯುವ ವೇರ್‌ನಲ್ಲಿ ಮೊದಲು ದಿನಾಂಕದ ಮಿತಿ ಹಾಕಿ, ಉಳಿದ ಸಾಲುಗಳಲ್ಲಷ್ಟೇ ಸಮಯ ನೋಡಲಿ. ಪೋಸ್ಟ್‌ಗ್ರೆಸ್‌ನಲ್ಲಿ ಕಾಸ್ಟ್ ಮಾಡಿದ ರೂಪಕ್ಕೇ ಇಂಡೆಕ್ಸ್ ಕಟ್ಟಬಹುದು. ಆದರೆ ಟೈಮ್‌ಝೋನ್ ಇರುವ ಟೈಮ್‌ಸ್ಟ್ಯಾಂಪಾದರೆ ಅದು ಒಪ್ಪುವುದಿಲ್ಲ, ಏಕೆಂದರೆ ಸೆಷನ್ನಿನ (ಆಗಿನ ಸಂಪರ್ಕದ) ಝೋನ್ ಬದಲಾದರೆ ಉತ್ತರವೂ ಬದಲಾಗುತ್ತದೆ. ಝೋನ್ ಹೆಸರನ್ನು ಅಟ್ ಟೈಮ್ ಝೋನ್ ಮೂಲಕ ಸ್ಪಷ್ಟವಾಗಿ ಕೊಟ್ಟು, ಆಮೇಲೆ ಕಾಸ್ಟ್ ಮಾಡಿದರೆ ಇಂಡೆಕ್ಸ್ ಆಗುತ್ತದೆ. ಕ್ವೆರಿಯಲ್ಲೂ ಅದೇ ರೂಪ ಬರೆಯಬೇಕು, ಇಲ್ಲದಿದ್ದರೆ ಕ್ವೆರಿ ಹೇಗೆ ನಡೆಸಬೇಕೆಂದು ನಿರ್ಧರಿಸುವ ಪ್ಲಾನರ್ ಆ ಇಂಡೆಕ್ಸನ್ನು ಮುಟ್ಟುವುದಿಲ್ಲ.