ಅಸಲಿ ಆಟ ಅಂದರೆ ಯಾವುದು?

ಬೆಂಗಳೂರಿನಿಂದ ಉಡುಪಿಗೆ ಬಂದ ಸ್ನೇಹಿತರನ್ನು ಯಕ್ಷಗಾನದ ಆಟಕ್ಕೆ ಕರೆದೊಯ್ದರೆ, ಮನೆಗೆ ಮರಳುವ ದಾರಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಬಣ್ಣಬಣ್ಣದ ಲೈಟು, ಮೈಕು, ಮಧ್ಯರಾತ್ರಿಗೇ ಮಂಗಳ. ಇದು ಅಸಲಿ ಯಕ್ಷಗಾನವಾ? ಅಲ್ಲದಿದ್ದರೆ ನಿಮಗೆ ಹೇಗೆ ಖುಷಿಯಾಗುತ್ತದೆ?"

ನನಗೆ ಅಸಲಿತನ ಬೇಕೇ ಬೇಕು. ಆದರೆ ಅದನ್ನು ದೀಪದಲ್ಲಿ ಹುಡುಕುವುದಿಲ್ಲ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಅದೂ ಹೋಗಿ ಕರೆಂಟು ಬಂತು. ಶ್ರುತಿಗೆ ಪುಂಗಿಯಿತ್ತು, ಆಮೇಲೆ ಹಾರ್ಮೋನಿಯಂ, ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ. ಇವುಗಳಲ್ಲಿ ಯಾವ ಕಾಲದ್ದು ಅಸಲಿ? ನಮ್ಮ ಮದುವೆ, ಜಾತ್ರೆಗಳಲ್ಲಿ ಮೊಳಗುವ ಸ್ಯಾಕ್ಸೋಫೋನ್ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದರು. ಅದರಲ್ಲಿ ಸ್ವರವನ್ನು ಬಳುಕಿಸುವ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅವರ ಕಲ್ಯಾಣಿ ರಾಗವನ್ನು ನಕಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಒಮ್ಮೆ ಮಾತ್ರ ನಡುವೆಯೇ ಎದ್ದು ಬಂದಿದ್ದೇನೆ. ವೇಷ ಹಳೆಯ ಕ್ರಮದ್ದೇ, ಕುಣಿತವೂ ಅಚ್ಚುಕಟ್ಟು. ಆದರೆ ಪದ್ಯ, ಮಾತು ಎರಡೂ ರೆಕಾರ್ಡು. ಕಲಾವಿದರು ತುಟಿ ಆಡಿಸುತ್ತಿದ್ದರು. ಯಕ್ಷಗಾನದಲ್ಲಿ ಪದ್ಯ ಬರೆದದ್ದು, ಅರ್ಥ, ಅಂದರೆ ಪಾತ್ರಗಳ ಮಾತು, ಬರೆದದ್ದಲ್ಲ. ಭಾಗವತರು ಹಾಡಿ ಬಿಟ್ಟ ಮೇಲೆ ಪಾತ್ರಧಾರಿ ಅಲ್ಲೇ ನಿಂತು ಮಾತು ಕಟ್ಟಬೇಕು. ಎದುರಿನವ ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕಬೇಕು. ಕುಣಿತ ಏರಿದರೆ ಭಾಗವತರು ಪದ್ಯ ಎಳೆಯಬೇಕು, ಕಾಲು ಸೋತರೆ ಬೇಗ ಮುಗಿಸಬೇಕು. ತಪ್ಪಲು ಸಾಧ್ಯವೇ ಇಲ್ಲದ ಆಟದಲ್ಲಿ ನನಗೆ ನೋಡಲು ಏನೂ ಉಳಿದಿರಲಿಲ್ಲ.

ಹಾಗಾಗಿ ಈಗ ಸ್ನೇಹಿತರನ್ನು ಮಳೆಗಾಲದಲ್ಲಿ ತಾಳಮದ್ದಳೆಗೇ ಕರೆಯುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕುಳಿತವರ ಮಾತು, ಹಿಂದೆ ಹಿಮ್ಮೇಳ, ಅಷ್ಟೇ.

ಕಳೆದ ವರ್ಷ ವಾಲಿವಧೆ ಇತ್ತು. ಮರದ ಮರೆಯಿಂದ ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುವುದು ಎಲ್ಲರಿಗೂ ಗೊತ್ತು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಅದು ಶಿಕ್ಷೆ ಎಂಬ ರಾಮನ ಉತ್ತರವೂ ಗೊತ್ತು. ಅವತ್ತಿನ ವಾಲಿ ಆ ದಾರಿಯನ್ನು ಮೊದಲೇ ಮುಚ್ಚಿಬಿಟ್ಟ: "ಶಿಕ್ಷೆ ಕೊಡುವ ರಾಜ ಅಡಗಿ ನಿಲ್ಲುತ್ತಾನೆಯೇ?" ರಾಮ ತುಸು ಹೊತ್ತು ಸುಮ್ಮನಾದರು. ಮದ್ದಳೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಪಕ್ಕದ ಹಿರಿಯರು ಕುರ್ಚಿಯ ತುದಿಗೆ ಸರಿದರು, ನನ್ನ ಸ್ನೇಹಿತನೂ.